ತೊಗಲು ಬಿಚ್ಚಿದ ಗುಡ್ಡ

ಈ ಗುಡ್ಡದ ಸಂಗತಿಯನ್ನು ಕೊನೆಯವರೆಗೆ ಹೇಳಲು ನನ್ನನ್ನು ಇದುವರೆಗೆ ಹೊರಗಿನವರು ಯಾರೂ ಬಿಟ್ಟಿಲ್ಲ. ಮೊನ್ನೆ ಮತ್ತೆ ಅದೇ ಆಯಿತು. ಗುಡ್ಡ ನೋಡಲು ಕಾರಿನಲ್ಲಿ ಬಂದ ಐದಾರು ಮಂದಿ ನಮ್ಮ ಮನೆ ಮುಂದೆ ನಿಂತು ನೀರು ಕೇಳಿದರು, ನೀರು ಕುಡಿದು ಗುಡ್ಡಕ್ಕೆ ಈ ಹೆಸರು ಯಾಕೆ ಬಂತೆಂದು ಕೇಳಿದರು. 'ಹಿಂದೆ ಒಮ್ಮೆ ಇಲ್ಲಿ ಕುರಿಯ ತೊಗಲು ಹೊದ್ದ ತೋಳವೊಂದು ಇತ್ತು' ಎಂದು ನಾನು ಶುರು ಮಾಡುವಷ್ಟರಲ್ಲಿ ಅವರಲ್ಲಿ ಹಿರಿಯರೊಬ್ಬರು ಕೈಯೆತ್ತಿ ತಡೆದರು. 'ಅಯ್ಯೋ, ಇದು ಗೊತ್ತಿರೋ ಕಥೆಯೇ ಬಿಡಮ್ಮ. ಕುರಿ ತಿನ್ನೋಕೆ ತೋಳ ಕುರಿ ವೇಷ ಹಾಕ್ಕೊಂಡು ಬಂತು, ಸಿಕ್ಕಿಬಿತ್ತು, ಸತ್ತುಹೋಯ್ತು. ನಮ್ಮ ಮೊಮ್ಮಗನೂ ಹೇಳ್ತಾನೆ' ಎಂದು ಉಳಿದದ್ದನ್ನು ತಾವೇ ಹೇಳಿ ಮುಗಿಸಿ ಕಾರು ಹತ್ತಿದರು. ಕೇಳಿದವರೂ ಅವರೇ, ಹೇಳಿದವರೂ ಅವರೇ. ನೀರು ಮಾತ್ರ ನನ್ನದು. ಅದಕ್ಕೇ ಇದನ್ನು ಬರೆಯಲು ಕುಳಿತೆ. ಬರೆದದ್ದರ ನಡುವೆ ಬಾಯಿ ಹಾಕುವುದು ಅಷ್ಟು ಸುಲಭವಲ್ಲ.

ಕವಳಿಹಾಳದಿಂದ ಹೊಳೆಯ ದಿಕ್ಕಿಗೆ ಎರಡು ಮೈಲಿ ನಡೆದರೆ ಬಲಕ್ಕೆ ಕಾಣುವುದೇ ಆ ಗುಡ್ಡ. ಎತ್ತರದ್ದೇನಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಹಸಿರಾಗಿ, ಉಳಿದ ಹತ್ತು ತಿಂಗಳು ಹಳದಿ ಹುಲ್ಲು ಹೊದ್ದು ಮಲಗಿರುತ್ತದೆ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಶಾಸನವಿಲ್ಲ. ಅರ್ಧ ಗುಡ್ಡ ಹತ್ತಿದಾಗ ನೂರು ಜನ ಕೂರುವಷ್ಟು ಅಗಲದ ಒಂದು ಹಾಸುಬಂಡೆ ಸಿಗುತ್ತದೆ. ಅಲ್ಲಿಂದ ನೋಡಿದರೆ ಹೊಳೆಯ ದಿಕ್ಕಿಗೆ ಕಣ್ಣು ಹಾಯುವಷ್ಟು ದೂರ ಬಯಲು ತೆರೆದುಕೊಳ್ಳುತ್ತದೆ. ರಸ್ತೆ ಬದಿಯ ಹಲಗೆಯ ಮೇಲೆ 'ತೊಗಲಗುಡ್ಡ' ಎಂದಷ್ಟೇ ಬರೆದಿದ್ದಾರೆ. ಅದನ್ನು ಓದಿದವರು ಇಲ್ಲಿ ಹಿಂದೆ ಚರ್ಮ ಹದ ಮಾಡುವವರ ಕೇರಿ ಇದ್ದಿರಬೇಕೆಂದು ತಾವೇ ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ಹಲಗೆ ಬರೆಸಿದವರಿಗೆ ಬಣ್ಣ ಉಳಿಸುವ ಆತುರ ಇತ್ತೇನೋ. ಹಳಬರ ಬಾಯಲ್ಲಿ ಅದು ಇಂದಿಗೂ 'ತೊಗಲು ಬಿಚ್ಚಿದ ಗುಡ್ಡ'. ಆ 'ಬಿಚ್ಚಿದ' ಎಂಬುದನ್ನು ಬಿಟ್ಟರೆ ಹೆಸರಿನಲ್ಲಿ ಉಳಿಯುವುದು ಏನೂ ಇಲ್ಲ. ಅದರ ಕಾರಣವನ್ನು ನನಗೆ ಹೇಳಿದವಳು ನಮ್ಮ ಆಯಿ, ಅಂದರೆ ಅಜ್ಜಿ, ದ್ಯಾಮವ್ವ. ಆಕೆಗೆ ಆಕೆಯ ಆಯಿ ಹೇಳಿದ್ದಳಂತೆ.

ಹಿಂದೆ ಒಮ್ಮೆ, ಕವಳಿಹಾಳ ಇನ್ನೂ ಊರಾಗಿರದ ಕಾಲದಲ್ಲಿ, ಈ ಗುಡ್ಡದ ಬುಡದಲ್ಲಿ ಚಳಿಗಾಲದ ಎರಡು ತಿಂಗಳು ಕುರಿಗಾರರ ಹಟ್ಟಿ ಬೀಳುತ್ತಿತ್ತು. ಹನ್ನೆರಡು ಮನೆಯ ಹಿಂಡುಗಳು ಒಟ್ಟಿಗೆ ಬಂದು, ಇಲ್ಲಿ ಮರಿ ಹಾಕಿಸಿಕೊಂಡು, ಹುಲ್ಲು ನೀರು ತೀರಿದಾಗ ಹೊಳೆಯ ಕಡೆಗೆ ಇಳಿದು ಹೋಗುತ್ತಿದ್ದವು. ಆ ಹಟ್ಟಿಯಲ್ಲಿ ಗುರವ್ವ ಎಂಬ ಮುದುಕಿ ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಮಗ ವರ್ಷದಲ್ಲಿ ಮುಕ್ಕಾಲು ಪಾಲು ಟಗರುಗಳ ಹಿಂದೆ ಹೊಳೆಯಾಚೆಯೇ ಇರುತ್ತಿದ್ದ. ಮುನ್ನೂರು ಕುರಿಯ ಹಿಂಡನ್ನು ನೋಡಿಕೊಳ್ಳುತ್ತಿದ್ದವರು ಗುರವ್ವ ಮತ್ತು ಸೊಸೆ ಕೆಂಚವ್ವ, ಇಬ್ಬರೇ. ಗುರವ್ವನ ಎರಡೂ ಕಣ್ಣುಗಳ ಮೇಲೆ ಪೊರೆ ಬಂದು ಬೆಳಕು ಹೋಗಿತ್ತು. ಆದರೆ ಆಕೆಯ ಕೈ ಹಿಂಡಿನಲ್ಲಿ ಆಡಿತೆಂದರೆ ಇದು ಯಾವ ತಾಯಿಯ ಯಾವ ಸೂಲಿನ ಮರಿ ಎಂಬುದನ್ನು ತಪ್ಪದೆ ಹೇಳುತ್ತಿತ್ತು ಎನ್ನುತ್ತಾರೆ.

ಗುರವ್ವನ ಕೈಗೆ ಹೆಸರು ಬಂದದ್ದು ತೊಗಲು ಕಟ್ಟುವ ಕೆಲಸದಿಂದ. ಅದೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತಿಸುವುದಿಲ್ಲ, ಮೂಗಿನಿಂದ ಗುರುತಿಸುತ್ತದೆ. ಬೇರೆಯ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಒದ್ದು ಕೆಡವುತ್ತದೆ. ಒಂದು ಕಡೆ ಮರಿ ಸತ್ತು ತಾಯಿ ಉಳಿದಿದ್ದರೆ, ಇನ್ನೊಂದು ಕಡೆ ತಾಯಿ ಸತ್ತು ಮರಿ ಉಳಿದಿದ್ದರೆ, ಕುರಿಗಾರರು ಸತ್ತ ಮರಿಯ ತೊಗಲನ್ನು ಸುಲಿದು ಬದುಕಿದ ತಬ್ಬಲಿಗೆ ಅಂಗಿಯಂತೆ ತೊಡಿಸಿ ನಾರಿನಿಂದ ಕಟ್ಟುತ್ತಾರೆ. ತಾಯಿ ಮೂಸುತ್ತದೆ, ತನ್ನದೇ ಎಂದು ಹಾಲು ಬಿಡುತ್ತದೆ. ಮೂರು ದಿನ ಆ ಹಾಲು ಮೈಯಲ್ಲಿ ಹರಿದ ಮೇಲೆ ತಬ್ಬಲಿಯ ವಾಸನೆಯೇ ಬದಲಾಗಿ ತಾಯಿಯ ವಾಸನೆಯಾಗುತ್ತದೆ. ಆಗ ತೊಗಲು ಬಿಚ್ಚಿ ಹಾಕುತ್ತಾರೆ. ಇದಕ್ಕೆ ಒಂದು ಕಟ್ಟಳೆಯೂ ಇತ್ತು: ಕಟ್ಟಿದ ಕೈಯೇ ಬಿಚ್ಚಬೇಕು. ಕಟ್ಟಿರುವಷ್ಟು ದಿನ ಬೇರೆ ಮನೆಯವರು ಯಾರೂ ಆ ಮರಿಗೆ ಕೈ ಹಚ್ಚಬಾರದು, ಕೋಲು ಎತ್ತಬಾರದು. ಹಚ್ಚಿದರೆ ಹಟ್ಟಿಯ ಕೆಚ್ಚಲುಗಳೆಲ್ಲ ಬತ್ತುತ್ತವೆ ಎಂಬ ಭಯ.

ಆ ವರ್ಷ ಗುರವ್ವನ ಹಿಂಡಿನ ಗಂಟೆಕುರಿ ಬಿಳಿಕಿವಿ ಹಾಕಿದ ಮರಿ ಮೂರನೆಯ ದಿನಕ್ಕೆ ಸತ್ತಿತು. ಗಂಟೆಕುರಿ ಎಂದರೆ ಕೊರಳಲ್ಲಿ ಗಂಟೆ ಕಟ್ಟಿಕೊಂಡು ಮುಂದೆ ನಡೆಯುವ ಕುರಿ. ಅದು ನಡೆದರೆ ಮುನ್ನೂರೂ ನಡೆಯುತ್ತವೆ, ಅದು ನಿಂತರೆ ಮುನ್ನೂರೂ ನಿಲ್ಲುತ್ತವೆ. ಬಿಳಿಕಿವಿ ಮರಿ ಸತ್ತ ಜಾಗ ಬಿಟ್ಟು ಕದಲಲಿಲ್ಲ. ಮೇಯಲಿಲ್ಲ, ಒಂದೇ ಸಮನೆ ಒದರುತ್ತಿತ್ತು. ಹೊಂಡದಲ್ಲಿ ನೀರು ತಳ ಕಂಡು ಕೆಸರಾಗಿತ್ತು. ಉಳಿದ ಹನ್ನೊಂದು ಹಿಂಡುಗಳು ಹೊಳೆಗೆ ಹೊರಟು ನಿಂತಿದ್ದವು. ಹಟ್ಟಿಯ ಯಜಮಾನ ಮುದ್ದಪ್ಪ ಬಂದು, ನಾಳೆ ಬೆಳಗಾದರೆ ನಾವು ನಿಲ್ಲುವುದಿಲ್ಲ, ನಿನ್ನ ಕುರಿಗಳನ್ನು ಎಬ್ಬಿಸುವುದು ನಿನಗೆ ಬಿಟ್ಟದ್ದು ಎಂದು ಹೇಳಿ ಹೋದ. ಹಿಂದೆ ಉಳಿದರೆ ನೀರಿಲ್ಲದೆ ಹಿಂಡಿಗೆ ಹಿಂಡೇ ಸಾಯುವುದು ಖಂಡಿತವಾಗಿತ್ತು.

'ಒಂದು ತಬ್ಬಲಿ ಮರಿ ತಂದುಕೊಡವಾ, ಕಟ್ಟತೀನಿ' ಎಂದಳು ಗುರವ್ವ.

'ತಬ್ಬಲಿ ಎಲ್ಲಿಂದ ತರ್ಲಿ ಅತ್ತಿ? ಈ ವರ್ಷ ಹಟ್ಟ್ಯಾಗಿನ ತಾಯಂದ್ರೆಲ್ಲಾ ಗಟ್ಟಿಮುಟ್ಟಾಗಿ ನಿಂತಾವ. ಹೋಗಿ ಒಂದನ್ನ ಸಾಯಿಸಿ ಬರ್ಲೇನು?'

'ನೀ ಎದುರಿಗೆ ನಿಂತು ಎರಡು ಮಾತಾಡು ಸಾಕು, ತಾವs ಸಾಯ್ತಾವ. ಗುಡ್ಡದ ಕಡಿ ನೋಡಿ ಬಾ. ತಪ್ಪಿಸಿಕೊಂಡ ಮರಿ ಒಂದರ ಇದ್ದೀತು.'

ಕೆಂಚವ್ವ ಕಂಬಳಿ ಹೊದ್ದು ಗುಡ್ಡ ಹತ್ತಿದಳು. ಎರಡು ದಿನದ ಹಿಂದೆ ಹಟ್ಟಿಯ ಗಂಡಸರು ಮುಂದಿನ ಮಳೆಗೆ ಎಳೆಹುಲ್ಲು ಚೆನ್ನಾಗಿ ಬರಲೆಂದು ಗುಡ್ಡದ ಒಣಹುಲ್ಲಿಗೆ ಬೆಂಕಿ ಹಚ್ಚಿದ್ದರು. ಎಲ್ಲಿ ಕಾಲಿಟ್ಟರೂ ಬೂದಿ. ಮರಿಯ ಸುಳಿವಿರಲಿಲ್ಲ. ಹಾಸುಬಂಡೆಯ ಕೆಳಗಿನ ಸಂದಿನಲ್ಲಿ ಮಾತ್ರ ಒಂದು ಹೆಣ್ಣು ತೋಳ ಸುಟ್ಟು ಸತ್ತು ಬಿದ್ದಿತ್ತು. ಓಡಿಹೋಗಲು ದಾರಿಯಿದ್ದರೂ ಅದು ಹೋಗಿರಲಿಲ್ಲ. ಗೂಡಿನ ಬಾಯಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು ಮಲಗಿತ್ತು. ಆ ಮೈಯ ಹಿಂದೆ ಒಂದೇ ಒಂದು ಮರಿ, ಇನ್ನೂ ಕಣ್ಣು ಬಿಡದ್ದು, ಕುಂಯ್‌ಗುಡುತ್ತಿತ್ತು. ತೋಳ ಕಂಡರೆ ಕಲ್ಲೆತ್ತುವ ಕೈ ಕೆಂಚವ್ವನದು. ಎತ್ತಿದಳು ಸಹ. ಮರಿ ತೆವಳಿಕೊಂಡು ಬಂದು ಆಕೆಯ ಕಾಲಿನ ಹೆಬ್ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಆ ಕಲ್ಲನ್ನು ಆಕೆ ಎಲ್ಲಿ ಇಳಿಸಿದಳೆಂದು ಆಕೆಗೇ ನೆನಪಿರಲಿಲ್ಲವಂತೆ. ಮರಿಯನ್ನು ಕಂಬಳಿಯ ಮಡಿಲಿಗೆ ಹಾಕಿಕೊಂಡು ಇಳಿದಳು. ಹೊಳೆ ಮುಟ್ಟುವವರೆಗೆ ಮೂರೇ ದಿನ, ಆಮೇಲೆ ಇದರ ದಾರಿ ಇದಕ್ಕೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಕುರುಡಿ ಅತ್ತೆಗೆ ಮಾತ್ರ, 'ಕರಿ ಮರಿ ಸಿಕ್ಕತಿ, ತಾಯಿ ಸುಟ್ಟು ಸತ್ತದ' ಎಂದಷ್ಟೇ ಹೇಳಿದಳು.

ಗುರವ್ವ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೈಯಾಡಿಸಿದಳು. ಬೆನ್ನ ಮೇಲಿಂದ ಕಾಲಿಗೆ ಬಂದ ಕೈ ಅಲ್ಲಿ ಒಂದು ಗಳಿಗೆ ನಿಂತಿತು. 'ಇನ್ನೂ ಕಣ್ಣು ಬಿಟ್ಟಿಲ್ಲ' ಎಂದಳು ಮುದುಕಿ. ಆಮೇಲೆ, 'ತೊಗಲು ತಾ' ಎಂದಳು. ಕತ್ತಿನ ಹತ್ತಿರ ಒಂದು ಗಂಟು, ಹೊಟ್ಟೆಯ ಕೆಳಗೆ ಎರಡು. ಬಿಳಿಕಿವಿ ಬಾಲದ ಕಡೆ ಮೂಸಿತು, ಗಂಟಲೊಳಗೇ ಸಣ್ಣಗೆ ಗುರುಗುಟ್ಟಿತು, ಕಾಲು ಅಗಲಿಸಿ ನಿಂತಿತು. ತೋಳದ ಮರಿ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು. ಬೆಳಗಾದಾಗ ಬಿಳಿಕಿವಿಯ ಗಂಟೆ ನುಡಿಯಿತು. ಮುನ್ನೂರು ಕುರಿಗಳು ಅದರ ಹಿಂದೆ ಎದ್ದವು. ಕೆಂಚವ್ವನ ಮಡಿಲಲ್ಲಿ ಮರಿ, ಮರಿಯ ಪಕ್ಕಕ್ಕೆ ತಾಯಿ, ತಾಯಿಯ ಹಿಂದೆ ಹಿಂಡು. ಹೀಗೆ ಅವರು ಹೊಳೆ ಮುಟ್ಟಿದರು.

ಮೂರನೆಯ ದಿನ ಗುರವ್ವ ಗಂಟು ಸಡಿಲಿಸಿ ನೋಡಿದಳು. ಬಿಳಿಕಿವಿ ಮೂಸಿದ್ದೇ ತಲೆಯಿಂದ ಗುದ್ದಿ ದೂರ ಎಸೆಯಿತು. ಕುರಿಮರಿಯಾಗಿದ್ದರೆ ಆ ಹೊತ್ತಿಗೆ ತಾಯಿಯ ವಾಸನೆ ಮೈಗೆ ಹತ್ತಿರುತ್ತಿತ್ತು. ಇದರ ಮೈ ಎಷ್ಟು ಹಾಲು ಕುಡಿದರೂ ಗುಡ್ಡದ ವಾಸನೆಯನ್ನು ಬಿಡಲಿಲ್ಲ. ಮುದುಕಿ ಮತ್ತೆ ಕಟ್ಟಿದಳು. ಮತ್ತೆ ಮೂರು ದಿನ, ಮತ್ತೆ ಮೂರು ದಿನ ಎಂದು ಮೂರು ತಿಂಗಳಾಯಿತು. ತೊಗಲು ಬಿರುಸಾದಾಗ ಹರಳೆಣ್ಣೆ ತಿಕ್ಕಿ ಮೆದು ಮಾಡಿದರು. ಮೈ ಬೆಳೆದಂತೆ ಬೇರೆ ಮರಿಗಳ ತೊಗಲಿನ ತುಂಡು ಹಚ್ಚಿ ಹೊಲಿದರು. ಹಾಲು ಬಿಟ್ಟ ಮೇಲೆ ಅದು ನಾಯಿಗಳ ಜೊತೆ ಜೋಳದ ನುಚ್ಚು ಮಜ್ಜಿಗೆ ತಿಂದು, ಕುರಿಗಳ ನಡುವೆ ಮಲಗುತ್ತಿತ್ತು. ಹತ್ತಿರ ಬಂದು ನೋಡುವ ಚಪಲದವರಿಗೆ ಕೆಂಚವ್ವ, 'ಹುಣ್ಣಿನ ರೋಗದ ಮರಿ ಐತ್ರಿ ಅದು, ಬೇಕಾದ್ರ ಮುಟ್ರಿ. ನಿಮ್ಮ ಹಿಂಡಿಗೆ ಹತ್ತಿದ್ರ ನನ್ನ ಅನಬ್ಯಾಡ್ರಿ' ಎನ್ನುತ್ತಿದ್ದಳು. ಕುರಿಗಾರನನ್ನು ದೂರ ನಿಲ್ಲಿಸಲು ಅದಕ್ಕಿಂತ ಎತ್ತರದ ಬೇಲಿ ಬೇಕಿಲ್ಲ. ಬಿಚ್ಚಲು ಕುರಿ ಬಿಡಲಿಲ್ಲ, ಬಿಟ್ಟುಬಿಡಲು ಇವರಿಗೆ ಮನಸ್ಸಾಗಲಿಲ್ಲ. ಮೂರು ದಿನದ ತೊಗಲು ಒಂದು ವರ್ಷ ಮೈಮೇಲೆ ಉಳಿಯಿತು.

ವರ್ಷ ತಿರುಗಿ ಹಟ್ಟಿ ಮತ್ತೆ ಈ ಗುಡ್ಡದ ಬುಡಕ್ಕೆ ಬಂತು. ಬಿಳಿಕಿವಿ ಹೊಸ ಮರಿ ಹಾಕಿತು. ಉಣ್ಣೆ ಕತ್ತರಿಸುವ ಹೊತ್ತಿಗೆ ಪಟ್ಟಣದಿಂದ ಒಬ್ಬ ಉಣ್ಣೆ ವ್ಯಾಪಾರಿ ಎತ್ತು ಹೊಡೆದುಕೊಂಡು ಬಂದ. ಅವನು ಹಿಂಡಿನ ನಡುವೆ ನಿಂತು ಉಣ್ಣೆ ಹಿಸುಕಿ ನೋಡುತ್ತಿದ್ದಾಗ, ಎದುರಿಗೆ ಬಿಸಿಲಿಗೆ ಮಲಗಿದ್ದ ದೊಡ್ಡ ಕುರಿಯೊಂದು ತಲೆಯೆತ್ತಿ ಬಾಯಿ ತುಂಬ ಆಕಳಿಸಿತು. ಆ ಬಾಯಲ್ಲಿ ಕೋರೆಹಲ್ಲುಗಳಿದ್ದವು. ವ್ಯಾಪಾರಿ ಎತ್ತನ್ನೂ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು, 'ತೋಳ, ಕುರಿ ತೊಗಲು ಹೊದ್ದು ತೋಳ ಬಂದತಿ' ಎಂದು ಕೂಗುತ್ತ ಪಟ್ಟಣದ ದಾರಿ ಹಿಡಿದ. ಈ ಲೋಕಕ್ಕೆ ಕಥೆ ಮುಟ್ಟಿದ್ದು ಅವನ ಬಾಯಿಂದ ಎನ್ನುತ್ತಾರೆ ನಮ್ಮವರು. ಅವನು ನೋಡಿದ್ದು ಅರ್ಧ. ಆ ಅರ್ಧಕ್ಕೆ ತನಗೆ ತೋಚಿದ ಅರ್ಧ ಸೇರಿಸಿ ಹೇಳಿದ. ತೋಳ ತಾನಾಗಿಯೇ ತೊಗಲು ಹೊದ್ದುಕೊಂಡಿತಂತೆ. ಗಂಟು ಹಾಕಲು ತೋಳಕ್ಕೆ ಬೆರಳೆಲ್ಲಿವೆ ಎಂದು ಪಟ್ಟಣದವರೊಬ್ಬರೂ ಕೇಳಲಿಲ್ಲ.

ಇತ್ತ ಹಟ್ಟಿಯ ಮಂದಿ ಕೋಲು ಕೊಡಲಿ ಹಿಡಿದು ಗುರವ್ವನ ಗುಡಿಸಲ ಮುಂದೆ ಸೇರಿದರು. ಅದೇ ವಾರ ಮುದ್ದಪ್ಪನ ಹಿಂಡಿನಿಂದ ಎರಡು ಮರಿಗಳು ಕಾಣೆಯಾಗಿದ್ದವು. ಅವನ ಮಾತು ಗಟ್ಟಿಯಾಗಿತ್ತು. ಹೊತ್ತು ಮುಳುಗುವುದರೊಳಗೆ ತೋಳ ಸಾಯಬೇಕು, ಇಲ್ಲದಿದ್ದರೆ ಈ ಮನೆ ಹಟ್ಟಿಯಿಂದ ಹೊರಗೆ. ಹೊರಗೆ ಎಂದರೆ ಅವರ ಬೆಂಕಿಯಿಲ್ಲ, ಅವರ ನಾಯಿಯಿಲ್ಲ, ಹೊಂಡದ ನೀರಿನ ಪಾಲಿಲ್ಲ. ಆ ಬಯಲಿನಲ್ಲಿ ಒಂಟಿಯಾಗಿ ಹಿಂಡು ಉಳಿಸಿಕೊಂಡವರು ಯಾರೂ ಇರಲಿಲ್ಲ. ಕೆಂಚವ್ವ ಮುಂದೆ ಬಂದಳು.

'ತಂದಾಕಿ ನಾನು. ನಮ್ಮತ್ತಿಗೆ ಏನೂ ಗೊತ್ತಿಲ್ಲ. ಕುರುಡಿ, ಕುರಿಮರಿ ಅಂತ ತಿಳಕೊಂಡು ಕಟ್ಟ್ಯಾಳ. ಹೊರಗ ಹಾಕೂದಾದ್ರ ನನ್ನೊಬ್ಬಾಕಿನ್ನ ಹಾಕ್ರಿ.'

ಗುಡಿಸಲೊಳಗಿಂದ ಗುರವ್ವ ನಗುತ್ತ ಬಂದಳು. 'ನನ್ನ ಸೊಸಿ ವರ್ಷಪೂರ್ತಿ ನನಗ ಮೋಸ ಮಾಡೀನಿ ಅಂತ ಕುಂತಾಳ ನೋಡ್ರಿ. ನನ್ನ ಕಣ್ಣು ಹೋಗ್ಯಾವ, ಕೈ ಹೋಗಿಲ್ಲ. ಗೊರಸಿಲ್ಲದ ಕುರಿಮರಿ ನನ್ನ ತೊಡಿ ಮ್ಯಾಲ ಅದೊಂದs ಬಂದಿದ್ದು.'

'ಗೊತ್ತಿದ್ದೂ ಯಾಕ ಕಟ್ಟಿದಿ ಯವ್ವಾ?' ಎಂದ ಮುದ್ದಪ್ಪ.

'ಕುರಿ ಒದರತಿತ್ತು. ಇದೂ ಒದರತಿತ್ತು. ನನಗ ಬರೂದು ಅದೊಂದs ಕೆಲಸ ಮುದ್ದಪ್ಪ.'

ಆಗ ಮುದುಕಿ ಕಟ್ಟಳೆಯನ್ನು ನೆನಪಿಸಿದಳು. ತೊಗಲು ಕಟ್ಟಿರುವವರೆಗೆ ಅದರ ಮೇಲೆ ಕೋಲೆತ್ತುವ ಹಕ್ಕು ಹಟ್ಟಿಗಿಲ್ಲ. ಅದನ್ನು ಎಲ್ಲಿಂದ ತಂದರೋ ಅಲ್ಲಿಗೇ ಒಯ್ದು ತಾನೇ ಬಿಚ್ಚುತ್ತೇನೆ. ಬಿಚ್ಚಿದ ಮೇಲೆ ಅದು ಏನಾಗಿ ಎದ್ದು ನಿಲ್ಲುತ್ತದೋ ನೋಡಿ, ನಿಮಗೆ ಸರಿ ಕಂಡದ್ದು ಮಾಡಿರಿ ಎಂದಳು. ಕೆಂಚವ್ವನ ಹೆಗಲ ಮೇಲೆ ಕೈಯಿಟ್ಟು ಗುಡ್ಡ ಹತ್ತಿದಳು. ಹಿಂದೆ ಗಂಟೆ ನುಡಿಸುತ್ತ ಬಿಳಿಕಿವಿ, ಅದರ ಪಕ್ಕಕ್ಕೆ ನಾಲ್ಕು ದಿನದ ಮರಿ, ಅದರ ಹಿಂದೆ ತೇಪೆ ತೊಗಲಿನ ತೋಳ. ಹಟ್ಟಿಗೆ ಹಟ್ಟಿಯೇ ನಾಯಿಗಳ ಕೊರಳ ಹಗ್ಗ ಬಿಗಿಹಿಡಿದು ಹಿಂಬಾಲಿಸಿತು.

ಹಾಸುಬಂಡೆಯ ನಡುವೆ ಗುರವ್ವ ಕಾಲು ಚಾಚಿ ಕುಳಿತಳು. ತೋಳ ಬಂದು ಆಕೆಯ ತೊಡೆಯ ಮೇಲೆ ತಲೆಯಿಟ್ಟಿತು. ನೆತ್ತಿಯ ಮೇಲೆ ಬಿಸಿಲಿತ್ತು. ಮುದುಕಿಯ ಬೆರಳುಗಳು ಕತ್ತಿನ ಗಂಟನ್ನು ಹುಡುಕಿಕೊಂಡವು, ಆಮೇಲೆ ಹೊಟ್ಟೆಯ ಎರಡು ಗಂಟುಗಳನ್ನು. ಆಕೆ ಅವಸರ ಮಾಡಲಿಲ್ಲ. ತುಂಡು ತುಂಡಾಗಿ ತೊಗಲು ಕಳಚಿ ಬಂಡೆಯ ಮೇಲೆ ಬಿತ್ತು. ತೋಳ ಎದ್ದು ಒಮ್ಮೆ ಮೈ ಕೊಡವಿತು. ಆ ಕೊಡವುವಿಕೆಯಲ್ಲಿ ಒಂದು ವರ್ಷದ ಕುರಿ ಉದುರಿಹೋಯಿತು ಎನ್ನುತ್ತಾಳೆ ಆಯಿ. ನಿಂತದ್ದು ಪೂರ್ತಿ ಬೆಳೆದ ತೋಳ. ಒಣಹುಲ್ಲಿನ ಬಣ್ಣದ ಮೈ, ಉದ್ದ ಕಾಲು, ಜೇನುಬಣ್ಣದ ಕಣ್ಣು. ಇಷ್ಟು ದಿನ ಅದರ ಪಕ್ಕದಲ್ಲೇ ಓಡಾಡಿದವರು ಎರಡು ಹೆಜ್ಜೆ ಹಿಂದೆ ಸರಿದರು. ತಾವು ಬೆಂಕಿ ಹಚ್ಚಿದ ಗುಡ್ಡವೇ ಎದ್ದು ತಮ್ಮೆದುರು ನಿಂತು ನೋಡುತ್ತಿದೆ ಎನಿಸಿತಂತೆ ಅವರಿಗೆ. ಬೊಗಳಬೇಕಾದ ನಾಯಿಗಳು ಬಾಲ ಮಡಚಿ ಕುಳಿತವು.

ಬಿಳಿಕಿವಿ ಮುಂದೆ ಬಂತು. ವರ್ಷದ ಹಿಂದೆ ಬರಿಮೈಯನ್ನು ಮೂಸಿ ಗುದ್ದಿ ಎಸೆದಿದ್ದ ಕುರಿ ಅದು. ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ತೋಳದ ಕತ್ತಿನಲ್ಲಿ, ಗಂಟು ಉಜ್ಜಿ ಕೂದಲು ಹೋದ ಜಾಗವನ್ನು ನೆಕ್ಕತೊಡಗಿತು. ಅಷ್ಟರಲ್ಲಿ ನಾಲ್ಕು ದಿನದ ಮರಿ, ತಾಯಿ ಯಾವುದು ಅಣ್ಣ ಯಾವುದು ತಿಳಿಯದ್ದು, ತೋಳದ ಹೊಟ್ಟೆಯ ಕೆಳಗೆ ನುಗ್ಗಿ ಹಾಲಿಗಾಗಿ ಗುದ್ದಿತು. ತೋಳ ತಲೆ ಬಗ್ಗಿಸಿ ಬಾಯಿ ತೆರೆಯಿತು. ಮುದ್ದಪ್ಪನ ಕೊಡಲಿ ಮೇಲೆದ್ದಿತು. ಕಾಣದ ಮುದುಕಿ ಅದು ಕಂಡವಳಂತೆ ಕೈಯೆತ್ತಿ, 'ತಡಿ' ಎಂದಳು. ತೋಳ ಮರಿಯನ್ನು ಬಾಲದಿಂದ ತಲೆಯವರೆಗೆ ನಾಲಿಗೆಯಿಂದ ಒಂದು ಸಲ ನೆಕ್ಕಿತು. ಬಿಳಿಕಿವಿ ತನ್ನನ್ನು ದಿನವೂ ನೆಕ್ಕುತ್ತಿದ್ದ ಹಾಗೆಯೇ ನೆಕ್ಕಿತು. ಆಮೇಲೆ ಬಂಡೆ ದಾಟಿ, ಗುಡ್ಡದ ತುದಿಯ ಹುಲ್ಲಿನೊಳಗೆ ಹೊಕ್ಕು ಹೋಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ ಎನ್ನುತ್ತಾರೆ ಗಂಡಸರು. ಮೂರು ಸಲ ನಿಂತು ನೋಡಿತು ಎನ್ನುತ್ತಾಳೆ ಆಯಿ.

ಎತ್ತಿದ ಕೊಡಲಿಯನ್ನು ಮುದ್ದಪ್ಪ ಎಷ್ಟು ಹೊತ್ತಿನ ಮೇಲೆ ಇಳಿಸಿದನೆಂದು ಯಾರಿಗೂ ತಿಳಿಯದು. ಗುರವ್ವನ ಮನೆ ಹಟ್ಟಿಯಲ್ಲೇ ಉಳಿಯಿತು. ಮುಂದೆ ಆ ಗುಡ್ಡದ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ಹಟ್ಟಿಯೇ ನಿಲ್ಲಿಸಿತು. ಕಾಣೆಯಾದ ಎರಡು ಮರಿಗಳು ಏನಾದವು ಎಂಬುದು ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಬಿಳಿಕಿವಿ ಇಳಿಹೊತ್ತಿನವರೆಗೂ ಬಂಡೆಯ ಮೇಲೆ ಗುಡ್ಡದ ತುದಿಯ ಕಡೆ ಮುಖ ಮಾಡಿ ನಿಂತಿತ್ತಂತೆ. ಒದರಲಿಲ್ಲ. ಆಮೇಲೆ ತಾನಾಗಿಯೇ ತಿರುಗಿ ಕೆಳಗಿಳಿಯಿತು. ಗಂಟೆಯ ಸದ್ದು ಕೇಳಿ ಬಯಲಿನಲ್ಲಿದ್ದ ಕುರಿಗಳು ತಲೆಯೆತ್ತಿದವು.

ಈಗಲೂ ಹಾಸುಬಂಡೆ ಹತ್ತಿದವರಿಗೆ ಕಾಣುವುದು ಇಷ್ಟು. ಬಂಡೆಯ ಮೇಲೆ ಅಲ್ಲಲ್ಲಿ ಅಂಗೈಯಗಲದ, ಮೊಳದುದ್ದದ ಒಣ ತೊಗಲುಗಳು ಬಿದ್ದಿರುತ್ತವೆ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ತಬ್ಬಲಿಗೆ ತಾಯಿ ಒಗ್ಗಿದ ಮೇಲೆ ಬಿಚ್ಚಿದ ತೊಗಲನ್ನು ಕುರಿಗಾರರು ಎಷ್ಟು ದೂರವಿದ್ದರೂ ತಂದು ಇಲ್ಲೇ ಇಡುತ್ತಾರೆ. ಬೇರೆ ಕಡೆಗಳಲ್ಲಿ ಜನ ಹರಕೆ ಹೊತ್ತು ಏನಾದರೊಂದು ಕಟ್ಟಿ ಬರುತ್ತಾರೆ, ಇಲ್ಲಿ ಬಿಚ್ಚಿದ್ದನ್ನು ಇಟ್ಟು ಬರುತ್ತಾರೆ. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು, ಕಟುಕರು ಎಸೆದು ಹೋದದ್ದೆಂದು ಬೈಯುತ್ತ ಇಳಿಯುತ್ತಾರೆ. ಗೊತ್ತಿದ್ದವರು ಕೈಯಲ್ಲಿನ ಕೋಲನ್ನು ಕೆಳಗೇ ಬಿಟ್ಟು ಬಂಡೆ ಹತ್ತುತ್ತಾರೆ.

ಹೋದ ತಿಂಗಳು ಐದು ವರ್ಷದ ನನ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆಯಿ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಒಂದು ಸಣ್ಣ ತೊಗಲಿನ ಮೇಲೆ ಬೆರಳಾಡಿಸಿದಳು, ತಲೆಯೆತ್ತಿ ತುದಿಯ ಹುಲ್ಲಿನ ಕಡೆ ನೋಡಿದಳು. ಆಮೇಲೆ ನನ್ನ ಸೆರಗು ಎಳೆದು ಕೇಳಿದಳು.

'ಅವ್ವಾ, ಅವತ್ತು ಸಂಜಿಗೆ ತೋಳಕ್ಕ ಹಸಿವಾಗಿರ್ತದಲ್ಲ, ಅದು ಏನು ತಿಂತು?'